ಹೂಂ ಎನ್ನುವಷ್ಟು ಜಾಗ

ಹಿರೇಕೆರೂರಿನ ಪೆಟ್ಟಿಗೆಗೆ ಯಾವ ಕೊಡೆಕ್ ಹಾಕಬೇಕೆಂಬುದನ್ನು ನಾನು ಮೊದಲ ಭೇಟಿಯಲ್ಲೇ ತೀರ್ಮಾನಿಸಿ, ಹಾಕಿ, ಚಹಾ ಕುಡಿದು ಬಸ್ಸು ಹತ್ತಿದ್ದೆ. ಅಷ್ಟು ಸಲೀಸಾಗಿ ಮುಗಿದ ಕೆಲಸವನ್ನು ಒಮ್ಮೆ ತಿರುಗಿ ನೋಡಬೇಕು ಎಂಬ ಬುದ್ಧಿ ಆಮೇಲೆ ಬಂತು.

ಕೆಲಸ ಇಷ್ಟೇ. ಶಿಗ್ಗಾವಿಯಲ್ಲಿ ಒಂದು ಟ್ರಸ್ಟಿನ ಆಸ್ಪತ್ರೆ. ಅದಕ್ಕೆ ಹಾನಗಲ್ಲ, ಸವಣೂರು, ಹಿರೇಕೆರೂರಿನಲ್ಲಿ ಒಂದೊಂದು ಸಣ್ಣ ದವಾಖಾನೆ. ಸಕ್ಕರೆ ಕಾಯಿಲೆಯವರು, ಬಿಪಿಯವರು ಗುಳಿಗೆ ತೆಗೆದುಕೊಂಡು ಊರಿಗೆ ಹೋಗುತ್ತಾರೆ. ಆಮೇಲೆ ಏನಾದರೂ ಕೇಳುವುದಿದ್ದರೆ ಫೋನ್ ಮಾಡುತ್ತಾರೆ. ಆಯಾ ದವಾಖಾನೆಯ ಹಳೆಯ ನಂಬರು ಮಂದಿಗೆ ಬಾಯಿಪಾಠವಾಗಿದೆ. ಆ ನಂಬರುಗಳನ್ನು ಬದಲಿಸದೆ, ಎಲ್ಲ ಊರಿನ ಕರೆಗಳನ್ನೂ ಆಯಾ ದವಾಖಾನೆಯಲ್ಲಿಟ್ಟ ಒಂದು ಪೆಟ್ಟಿಗೆಯಿಂದ ಇಂಟರ್ನೆಟ್ ಮೂಲಕ ಶಿಗ್ಗಾವಿಗೆ ತಂದು, ಅಲ್ಲಿ ಕಂಪ್ಯೂಟರ್ ಮುಂದೆ ಹೆಡ್‌ಫೋನ್ ಹಾಕಿಕೊಂಡು ಕೂತ ಇಬ್ಬರು ಸಿಸ್ಟರ್‌ಗಳಿಗೆ ಮುಟ್ಟಿಸಬೇಕು. ಹುಬ್ಬಳ್ಳಿಯ ಒಂದು ಸಣ್ಣ ಕಂಪನಿಯ ಪರವಾಗಿ ಈ ಕೆಲಸಕ್ಕೆ ಹೋದವಳು ನಾನು.

ಕೊಡೆಕ್ ಎಂದರೆ ಹೆದರುವಂಥದ್ದೇನಲ್ಲ. ಮಾತನ್ನು ಇದ್ದ ಹಾಗೇ ಕಳಿಸಿದರೆ ದಾರಿಯಲ್ಲಿ ಬಹಳ ಜಾಗ ತಿನ್ನುತ್ತದೆ. ಆದ್ದರಿಂದ ಈ ಕಡೆ ಹಿಂಡಿ ಒಣಗಿಸಿ ಕಳಿಸುವುದು, ಆ ಕಡೆ ಮತ್ತೆ ಅರಳಿಸಿಕೊಳ್ಳುವುದು, ಸಂಡಿಗೆಯ ಹಾಗೆ. ಎಷ್ಟು ಒಣಗಿಸಬೇಕು, ಅರಳಿದ ಮೇಲೆ ಮೊದಲಿನ ರುಚಿ ಎಷ್ಟು ಉಳಿದೀತು ಎಂಬುದರಲ್ಲೇ ಒಂದು ಕೊಡೆಕ್ಕಿಗೂ ಇನ್ನೊಂದಕ್ಕೂ ವ್ಯತ್ಯಾಸ.

ನನ್ನ ಮುಂದೆ ಮೂರಿದ್ದವು. ಒಂದು ಬಹಳ ಹಳೆಯದು. ಹೆಚ್ಚು ಹಿಂಡುವುದೇ ಇಲ್ಲ, ಸೆಕೆಂಡಿಗೆ ಅರವತ್ನಾಲ್ಕು ಕಿಲೋಬಿಟ್ ಬೇಡುತ್ತದೆ. ಧ್ವನಿ ಮಾತ್ರ ಹಿಂದಿನ ಲ್ಯಾಂಡ್‌ಲೈನಿನಷ್ಟು ಸ್ವಚ್ಛ. ಇನ್ನೊಂದು ಎಂಟು ಕಿಲೋಬಿಟ್ಟಿನಲ್ಲೇ ಸಂಸಾರ ತೂಗಿಸುತ್ತದೆ. ಧ್ವನಿಗೆ ಸ್ವಲ್ಪ ತಗಡಿನ ಛಾಯೆ ಬರುತ್ತದೆ. ಮತ್ತೊಂದು ಓಪಸ್, ಈಚಿನದು. ದಾರಿ ನೋಡಿಕೊಂಡು ಹಿಗ್ಗುತ್ತದೆ, ಕುಗ್ಗುತ್ತದೆ. ಆದರೆ ಟ್ರಸ್ಟಿನವರ ಬಳಿ ಇದ್ದ ಹಳೆಯ ಪೆಟ್ಟಿಗೆಗಳಿಗೆ ಅದರ ಭಾಷೆ ಬರುತ್ತಿರಲಿಲ್ಲ. ಶಿಗ್ಗಾವಿಯ ಕರೆಗಳಿಗೂ ಹಾನಗಲ್ಲಿಗೂ ದಾರಿ ಅಗಲವಿತ್ತು, ಹಳೆಯದನ್ನೇ ಹಾಕಿದೆ. ಸವಣೂರು ಮತ್ತು ಹಿರೇಕೆರೂರಿಗೆ ಎಂಟು ಕಿಲೋಬಿಟ್ಟಿನದು. ಅದರಲ್ಲೂ ಹಿರೇಕೆರೂರಿನ ಇಂಟರ್ನೆಟ್ಟು ಟವರಿನಿಂದ ಗಾಳಿಯಲ್ಲಿ ಬರುವಂಥದ್ದು. ಎಕ್ಸ್-ರೇ ಚಿತ್ರ, ಬಿಲ್ಲು, ರಕ್ತ ಪರೀಕ್ಷೆಯ ವರದಿ ಎಲ್ಲವೂ ಅದೇ ಸಂದಿಯಲ್ಲಿ ತೂರಿಕೊಂಡು ಹೋಗಬೇಕು.

ಎಂಟು ಕಿಲೋಬಿಟ್ಟಿನದರ ಜೊತೆಗೆ ಇನ್ನೊಂದು ಉಳಿತಾಯವೂ ಬರುತ್ತದೆ. ಇಬ್ಬರು ಮಾತಾಡುವಾಗ ಒಬ್ಬರು ಸುಮ್ಮನಿರುತ್ತಾರೆ. ಸುಮ್ಮನಿದ್ದವರ ಕಡೆಯ ಗಾಳಿಸದ್ದನ್ನು ಯಾಕೆ ಹೊತ್ತು ತರಬೇಕು? ಯಂತ್ರವೇ ಕಿವಿಗೊಟ್ಟು, ಇದು ಮಾತು, ಇದು ಮೌನ ಎಂದು ಬೇರೆ ಮಾಡಿ, ಮೌನವನ್ನು ಕಳಿಸದೆ ಬಿಡುತ್ತದೆ. ಇದಕ್ಕೆ ಮೌನ ಕಡಿತ ಎನ್ನೋಣ. ಸುಮಾರು ಅರ್ಧ ಜಾಗ ಉಳಿಯುತ್ತದೆ. ಹಿರೇಕೆರೂರಿನಿಂದ ಏಕಕಾಲಕ್ಕೆ ನಾಲ್ಕು ಕರೆ ಹಿಡಿಸುತ್ತದೆ ಎಂದು ನಮ್ಮ ಕಂಪನಿ ಮಾತು ಕೊಟ್ಟಿದ್ದು ಈ ಉಳಿತಾಯವನ್ನು ನಂಬಿಯೇ. ಪೆಟ್ಟಿಗೆ ಬರುವಾಗಲೇ ಅದು ಚಾಲೂ ಆಗಿ ಬಂದಿತ್ತು, ನೋಡಿ ಖುಷಿಪಟ್ಟು ಹಾಗೇ ಬಿಟ್ಟೆ.

ಪರೀಕ್ಷೆಯನ್ನೂ ಶಾಸ್ತ್ರೋಕ್ತವಾಗಿಯೇ ಮಾಡಿದೆ. ಹಿರೇಕೆರೂರಿನ ಕಾಂಪೌಂಡರ್‌ರನ್ನು ಫೋನಿನ ಮುಂದೆ ಕೂರಿಸಿ ಗುಳಿಗೆಗಳ ಹೆಸರು ಓದಿಸಿದೆ. ಶಿಗ್ಗಾವಿಯಿಂದ ಸಿಸ್ಟರ್ ಅವನ್ನು ತಿರುಗಿ ಹೇಳಿದರು. ಆಮೇಲೆ ಅವರು ಓದಿದರು, ಇವರು ಹೇಳಿದರು. ಒಂದು ಅಕ್ಷರ ತಪ್ಪಲಿಲ್ಲ.

“ಅಗದೀ ಕ್ಲಿಯರ್ ಐತ್ರಿ ಮೇಡಂ,” ಎಂದರು ಕಾಂಪೌಂಡರ್. “ಮಗ್ಗಲದಾಗ ಕುಂತು ಮಾತಾಡಿದಂಗ ಐತಿ.”

ಅದಾದ ಮೇಲೆ ಬಂದಿದ್ದೇ ನಾನು ಮೊದಲು ಹೇಳಿದ ಚಹಾ ಮತ್ತು ಬಸ್ಸು.

ಲೈನು ಶುರುವಾದ ಕೆಲವು ದಿನಗಳಲ್ಲೇ ದೂರು ಬಂತು. ಹಿರೇಕೆರೂರಿನ ಕಡೆಯ ಕರೆಗಳು ನಡುವೆಯೇ ಕಟ್ ಆಗುತ್ತಿವೆ ಎಂದು. ನಾನು ಹುಬ್ಬಳ್ಳಿಯಿಂದಲೇ ಅಂಕಿಅಂಶ ತೆಗೆದು ನೋಡಿದೆ. ಲೈನು ತಾನಾಗಿ ಒಂದೂ ಕಡಿದಿರಲಿಲ್ಲ. ಪ್ರತಿ ಸಲವೂ ಕರೆ ಮಾಡಿದವರೇ ಫೋನು ಇಟ್ಟಿದ್ದರು. ಕಾಂಪೌಂಡರ್‌ಗೆ ಫೋನ್ ಮಾಡಿ, ದವಾಖಾನೆಗೆ ಬರುವ ಮಂದಿಯನ್ನು ಕೇಳಿರಿ ಎಂದೆ. ಅವರು ಕೇಳಿ ಹೇಳಿದರು: “ಮಾತಾಡಾಕತ್ತಾಗ ಆ ಕಡಿಂದ ಸದ್ದ ಇರಂಗಿಲ್ಲಂತ್ರಿ. ಬಾವ್ಯಾಗ ಇಳಿದಂಗ ಆಗ್ತೈತಂತ. ಸತ್ತೈತಿ ಅಂತ ಇಟ್ಟ ಬಿಡ್ತಾರ.”

ಇದು ನಮಗೆ ಗೊತ್ತಿರುವ ರೋಗ. ಮೌನ ಕಡಿತ ಮಾಡಿದಾಗ ಆ ಕಡೆಯವರಿಗೆ ಫ್ಯಾನಿನ ಸದ್ದೂ ಕೇಳುವುದಿಲ್ಲ, ಉಸಿರೂ ಕೇಳುವುದಿಲ್ಲ. ಲೈನು ಸತ್ತಂತೆ ಅನಿಸುತ್ತದೆ. ಅದಕ್ಕೆ ಮದ್ದೂ ಇದೆ: ಕೇಳುವವರ ಕಡೆಯ ಪೆಟ್ಟಿಗೆಯೇ ಒಂದು ಸುಳ್ಳು ಸರಸರ ಸದ್ದು ತಯಾರಿಸಿ ಕೇಳಿಸುತ್ತದೆ. ಹೆಚ್ಚಿನ ಜಾಗ ಬೇಡ, ಖರ್ಚಿಲ್ಲ. ಅದನ್ನು ಚಾಲೂ ಮಾಡಿದೆ. ಕರೆ ಇಡುವವರು ಕಡಿಮೆಯಾದರು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಆದರೆ ದೂರು ನಿಲ್ಲಲಿಲ್ಲ, ರೂಪ ಬದಲಿಸಿತು. ಮೊದಲು ಮಂದಿ ಲೈನನ್ನು ಬೈಯುತ್ತಿದ್ದರು. ಈಗ ಲೈನು ಜೀವಂತವಿದೆ ಎಂದು ಅವರಿಗೆ ಖಾತ್ರಿಯಾಯಿತು. ಆದ್ದರಿಂದ ಸಿಸ್ಟರ್‌ರನ್ನು ಬೈಯತೊಡಗಿದರು. ಇಬ್ಬರನ್ನೂ ಅಲ್ಲ, ಒಬ್ಬರನ್ನೇ.

ಇಬ್ಬರು ಸಿಸ್ಟರ್‌ಗಳ ಬಗ್ಗೆ ಹೇಳಬೇಕು. ಒಬ್ಬರು ಕಿರಿಯರು, ತಡಸದವರು, ಗಟ್ಟಿ ದನಿ. ಅವರು ಫೋನಿನಲ್ಲಿ ಮಾತಾಡಿದರೆ ಹೊರಗೆ ಔಷಧಿ ಅಂಗಡಿಯವರಿಗೂ ರೋಗಿಯ ಸಕ್ಕರೆ ಎಷ್ಟಿದೆ ಎಂದು ಗೊತ್ತಾಗುತ್ತಿತ್ತು. ಇನ್ನೊಬ್ಬರು ಹಿರಿಯರು. ಹಾನಗಲ್ಲಿನ ಹತ್ತಿರದ ಒಕ್ಕಲುತನದ ಮನೆಯವರು. ವರ್ಷಗಟ್ಟಲೆ ವಾರ್ಡಿನಲ್ಲಿ ದುಡಿದು, ರೋಗಿಗಳನ್ನು ಎತ್ತಿ ಇಳಿಸಿ ಬೆನ್ನಿನ ಮಣಿ ಜಾರಿಸಿಕೊಂಡಿದ್ದರು. ಸೊಂಟಕ್ಕೆ ಅಗಲ ಪಟ್ಟಿ ಕಟ್ಟಿಕೊಂಡು ಕೂರುತ್ತಿದ್ದರು. ಈ ಫೋನಿನ ಕುರ್ಚಿ ಸಿಕ್ಕಿದ್ದಕ್ಕೇ ಅವರ ನೌಕರಿ ಉಳಿದಿತ್ತು. ದೂರು ಅವರ ಮೇಲೆ.

ಆಡಳಿತಾಧಿಕಾರಿ ನನ್ನನ್ನು ಶಿಗ್ಗಾವಿಗೆ ಕರೆಸಿದರು. ಸವಣೂರಿನ ವೈಷ್ಣವ ಮನೆತನದವರು, ತಲೆತಲಾಂತರದಿಂದ ಶಾಸ್ತ್ರ ಓದಿದ ಮನೆ. ಇವರು ಮಾತ್ರ ಲೆಕ್ಕಪತ್ರದ ಓದು ಓದಿ ಈ ಕುರ್ಚಿಗೆ ಬಂದಿದ್ದರು. ಕೆಟ್ಟ ಮನುಷ್ಯರಲ್ಲ. ತರ್ಕ ತಪ್ಪಿದರೆ ಮಾತ್ರ ಅವರಿಗೆ ಮೈ ಉರಿಯುತ್ತಿತ್ತು.

“ನಿಮ್ಮ ಲೈನಿಂದೇನೂ ತಪ್ಪಿಲ್ಲಂತ ನನಗ ಗೊತ್ತದ,” ಎಂದರು. “ಕಡೀ ಸಲ ಒಂದು ಮಾತು ಕೇಳೋಣಂತ ಕರಸೀನಿ. ಲೈನ್ ಕೆಟ್ಟಿದ್ರ ಇಬ್ಬರು ಸಿಸ್ಟರ್‌ಗೂ ಕೆಡಬೇಕಲ್ಲ?”

“ಹೌದ್ರಿ.”

“ಕಿರಿಯಾಕಿ ಮ್ಯಾಲೆ ಒಂದೂ ದೂರಿಲ್ಲ. ಇವ್ರ ಮ್ಯಾಲೆ ಬಂದಿದ್ದ ಬಂದದ. ಕೇಳ್ರಿ ಇದನ್ನ.”

ಸರ್ವರಿನಲ್ಲಿ ಎಲ್ಲ ಕರೆಗಳೂ ಧ್ವನಿಮುದ್ರಣವಾಗುತ್ತವೆ. ಅವರು ಒಂದನ್ನು ಹಚ್ಚಿದರು. ಹಿರೇಕೆರೂರಿನ ಕಡೆಯ ಅಬಲೂರಿನ ಒಬ್ಬ ಅಜ್ಜಿಯ ಕರೆ. ಅಜ್ಜಿ ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿದ ಮೇಲೆ ಬಾಯಿ ಒಣಗುವುದನ್ನು ಹೇಳುತ್ತಾರೆ. ನಿಲ್ಲುತ್ತಾರೆ. ಆ ಕಡೆ ಮೌನ. ಸೊಸೆ ಅನ್ನ ಬಿಡು ಎನ್ನುತ್ತಾಳೆ, ರೊಟ್ಟಿ ಅಗಿಯಲು ಹಲ್ಲಿಲ್ಲ ಎನ್ನುತ್ತಾರೆ. ನಿಲ್ಲುತ್ತಾರೆ. ಮೌನ. “ಅಕ್ಕಾರ, ಅದೀರೇನ್ರಿ?” ಎನ್ನುತ್ತಾರೆ. “ಹೇಳ್ರಿ ಅವ್ವ, ಕೇಳಾಕತ್ತೇನಿ,” ಎನ್ನುತ್ತಾರೆ ಸಿಸ್ಟರ್. ಅಜ್ಜಿ ಮತ್ತೆ ಸ್ವಲ್ಪ ಹೇಳಿ, ಮತ್ತೆ ಮೌನಕ್ಕೆ ಮುಟ್ಟಿ, “ಆತ ಬಿಡ್ರಿ, ನಿಮಗೂ ಕೆಲಸ ಇರ್ತಾವ,” ಎಂದು ಫೋನು ಇಡುತ್ತಾರೆ.

“ನೋಡಿದ್ರಲ್ಲ,” ಎಂದರು ಆಡಳಿತಾಧಿಕಾರಿ. “ವಯಸ್ಸಾದಾಕಿ ಒಂದ ಸವನ ಹೇಳ್ಲಿಕತ್ತಾಳ, ಇವ್ರು ತುಟಿ ಪಿಟಕ್ ಅನ್ನೂದಿಲ್ಲ. ಕೇಳಿದಾಗೊಮ್ಮೆ ನಿದ್ದಿಯಿಂದ ಎದ್ದವರಂಗ ‘ಹೇಳ್ರಿ’ ಅಂತಾರ. ಇವ್ರನ್ನ ಕೇಳಿದ್ರ, ನಾ ಕೇಳಾಕತ್ತಿದ್ದೆ, ಲೈನಿನ್ಯಾಗ ಏನೋ ಐತಿ ಅಂತಾರ. ಕುಣೀಲಾರದಾಕಿ ನೆಲ ಡೊಂಕು ಅಂದ್ಲಂತ.”

ತಿಂಗಳ ಕೊನೆಗೆ ಅವರನ್ನು ವಾರ್ಡಿಗೆ ಹಾಕುವುದೆಂದು ತೀರ್ಮಾನವಾಗಿತ್ತು. ಆ ಬೆನ್ನು ಹೊತ್ತು ವಾರ್ಡಿಗೆ ಹೋಗುವುದೆಂದರೆ ನೌಕರಿ ಬಿಡುವುದೆಂದೇ ಅರ್ಥ. ಅದು ಸಿಸ್ಟರ್‌ಗೂ ಗೊತ್ತಿತ್ತು, ಆಡಳಿತಾಧಿಕಾರಿಗೂ ಗೊತ್ತಿತ್ತು. ಮುದ್ರಣ ಕೇಳಿದ ಮೇಲೆ ನಾನೂ ಸಿಸ್ಟರ್‌ರದೇ ತಪ್ಪೆಂದು ನಂಬಿದೆ. ಸಾಕ್ಷಿ ಕಿವಿಗೇ ಬಿದ್ದಿತ್ತಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಹೇಳುವುದಕ್ಕೆ ಚೆಂದ, ಹೊತ್ತಿಗೆ ನೆನಪಾಗುವುದಿಲ್ಲ.

ಒಂದೇ ಒಂದು ಸಂಗತಿ ನನಗೆ ಹೊಂದಿಕೆಯಾಗಲಿಲ್ಲ. ದೂರುಗಳನ್ನು ಊರಿನ ಪ್ರಕಾರ ಬೇರೆ ಮಾಡಿ ನೋಡಿದಾಗ ಎಲ್ಲವೂ ಹಿರೇಕೆರೂರು, ಸವಣೂರಿನವು. ಶಿಗ್ಗಾವಿ ತಾಲೂಕಿನ ಹಿರೇಬೆಂಡಿಗೇರಿಯವರೂ ಇದೇ ಸಿಸ್ಟರ್ ಜೊತೆ ಮಾತಾಡುತ್ತಿದ್ದರು. ಅಲ್ಲಿಂದ ಒಂದೂ ಇಲ್ಲ. ಆಡಳಿತಾಧಿಕಾರಿಗೆ ಹೇಳಿದೆ. “ಹಿರೇಕೆರೂರ ಕಡೀ ಮಂದಿ ಮಾತಿಗೆ ಬಿಗಿ, ಸಣ್ಣದಕ್ಕೂ ದೂರು ಕೊಡ್ತಾರ,” ಎಂದರು. “ಹಂಗಾರ ಸವಣೂರವ್ರು?” ಎಂದೆ. ಸವಣೂರು ಅವರದೇ ಊರು. “ನೋಡ್ರಿ ಒಂದು ದಿನ,” ಎಂದು ಬಿಟ್ಟುಕೊಟ್ಟರು.

ಮರುದಿನ ಬೆಳಿಗ್ಗೆ ಸಿಸ್ಟರ್ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಲೈನಿನಲ್ಲಿ ಹೋಗುವುದನ್ನು ಕೇಳಲು ನನ್ನ ಲ್ಯಾಪ್‌ಟಾಪಿಗೆ ಒಂದು ಇಯರ್‌ಫೋನ್ ಸಿಗಿಸಿ ಬಲಗಿವಿಗೆ ಹಾಕಿದೆ. ಅದರಲ್ಲಿ ಕರೆ ಮಾಡಿದವರ ಮಾತೂ ಬರುತ್ತದೆ, ಈ ಕಡೆಯಿಂದ ಹಿರೇಕೆರೂರಿನವರಿಗೆ ಏನು ಕೇಳುತ್ತದೋ ಅದೂ. ಎಡಗಿವಿ ಖಾಲಿ, ಸಿಸ್ಟರ್ ಕಡೆಗೆ.

“ನೀವೂ ನನ್ನ ಪರೀಕ್ಷಾ ಮಾಡಾಕ ಬಂದ್ರೇನು?” ಎಂದರು ಸಿಸ್ಟರ್. ಸಿಟ್ಟಿನಿಂದಲ್ಲ, ದಣಿವಿನಿಂದ.

“ನಿಮ್ಮನ್ನಲ್ರಿ, ಲೈನನ್ನ,” ಎಂದೆ. ಅರ್ಧ ಸುಳ್ಳು ಅದು.

ಕರೆ ಬಂತು. ಹಿರೇಕೆರೂರಿನ ಕಡೆಯ ಒಬ್ಬ ಗಂಡಸು, ಗುಳಿಗೆ ಹೆಸರು ಕೇಳಲು ಶುರುಮಾಡಿ ಮಗನ ಮದುವೆಯ ತನಕ ಹೋದ. ಸಿಸ್ಟರ್ ಕಣ್ಣು ಮುಚ್ಚಿ ಕೇಳುತ್ತಿದ್ದರು. ಆತ ಒಂದು ವಾಕ್ಯ ಮುಗಿಸಿದ. ಎಡಗಿವಿಯಲ್ಲಿ ನನಗೆ ಸ್ಪಷ್ಟವಾಗಿ ಕೇಳಿತು: “ಹೂಂ.” ಬಲಗಿವಿಯಲ್ಲಿ ಬರೀ ಸರಸರ. ಆತ ಇನ್ನೊಂದು ವಾಕ್ಯ ಮುಗಿಸಿದ. ಎಡಗಿವಿಯಲ್ಲಿ “ಹೂಂ... ಹೂಂ.” ಬಲಗಿವಿಯಲ್ಲಿ ಏನೂ ಇಲ್ಲ. ಇಯರ್‌ಫೋನ್ ಸಡಿಲಾಗಿದೆಯೇನೋ ಎಂದು ಒತ್ತಿ ನೋಡಿದೆ. ಆತನ ಮಾತು ಗಟ್ಟಿಯಾಗಿ ಕೇಳುತ್ತಿತ್ತು. ಅವರ ಹೂಂ ಮಾತ್ರ ಮೇಜು ದಾಟುತ್ತಿರಲಿಲ್ಲ.

ಬಾಯಿ ಮುಚ್ಚಿ, ಮೂಗಿನಿಂದ ಹೊರಡುವ ಮೆತ್ತನೆಯ ಹೂಂ ಅದು. ತುಟಿ ಕೂಡ ಅಲ್ಲಾಡುವುದಿಲ್ಲ. ಯಂತ್ರ ಅದನ್ನು ಮಾತು ಎಂದು ಎಣಿಸಿರಲಿಲ್ಲ. ಅವರ ತಲೆಯ ಮೇಲೇ ಫ್ಯಾನು ತಿರುಗುತ್ತಿತ್ತು; ಆ ಗುಂಯ್‌ಗುಡುವಿಕೆಯನ್ನೆಲ್ಲ ಗದ್ದಲ ಎಂದು ಕಲಿತುಕೊಂಡ ಯಂತ್ರ, ಅದರಷ್ಟೇ ಎತ್ತರದ ಹೂಂ ಅನ್ನೂ ಗದ್ದಲದ ಲೆಕ್ಕಕ್ಕೆ ಹಾಕಿ ಕತ್ತರಿಸುತ್ತಿತ್ತು. ಕತ್ತರಿ ಬೀಳುವುದು ಸಿಸ್ಟರ್‌ರ ಕಂಪ್ಯೂಟರಿನಲ್ಲೇ, ಮುದ್ರಣವಾಗುವುದು ಅದರ ಮುಂದೆ. ಹೀಗಾಗಿ ಸಾಕ್ಷಿಯಲ್ಲೂ ಹೂಂ ಇರಲಿಲ್ಲ. ಶಿಗ್ಗಾವಿ, ಹಾನಗಲ್ಲಿನ ಕರೆಗಳಿಗೆ ಕಡಿತವೇ ಇರಲಿಲ್ಲವಾದ್ದರಿಂದ ಅಲ್ಲಿಯವರಿಗೆ ದೂರೂ ಇರಲಿಲ್ಲ. ಕಿರಿಯ ಸಿಸ್ಟರ್ “ಹೌದ್ರಿ, ಹೌದ್ರಿ, ಮುಂದ ಹೇಳ್ರಿ” ಎಂದು ಬಾಯಿ ತೆರೆದು ಗಟ್ಟಿಯಾಗಿ ಅನ್ನುವವರು. ಅವರನ್ನು ಯಾವ ಯಂತ್ರವೂ ತಡೆಯಲಾರದು.

ಫ್ಯಾನು ಬಂದ್ ಮಾಡಿಸಿ ನೋಡಿದೆ. ಹೂಂ ಅರ್ಧಕ್ಕರ್ಧ ದಾಟಿತು. ಮಾರ್ಚ್ ಕಳೆದ ಮೇಲೆ ನಮ್ಮ ಸೀಮೆಯಲ್ಲಿ ಫ್ಯಾನಿಲ್ಲದೆ ಕೂರಿಸುವುದು ಮದ್ದಲ್ಲ, ಶಿಕ್ಷೆ. ಆದರೆ ರೋಗ ಯಾವುದೆಂದು ಖಾತ್ರಿಯಾಯಿತು.

ನಾಚಿಕೆಯಾಗಿದ್ದು ಬೇರೆ ಕಾರಣಕ್ಕೆ. ನಾನೂ ಇದೇ ಸೀಮೆಯವಳು. ನಮ್ಮಲ್ಲಿ ಕೇಳುವುದೆಂದರೆ ಸುಮ್ಮನಿರುವುದಲ್ಲ. ಕಥೆ ಹೇಳುವವರು ನಡುವೆ ನಿಲ್ಲಿಸಿ, ಹೂಂ ಅನ್ನಲಿಲ್ಲವಲ್ಲ, ನಿದ್ದೆ ಬಂತೇ ಎನ್ನುತ್ತಾರೆ. ಪಂಚಾಯ್ತಿಗೆ ಕೂತರೆ ಹೇಳುವವನ ಎದುರು ಹೂಂ ಅನ್ನುವ ಹಿರಿಯನೊಬ್ಬ ಇರಲೇಬೇಕು. ಅವನು ಹೂಂ ಅಂದರೆ ಒಪ್ಪಿದ ಎಂದಲ್ಲ, ಮುಟ್ಟಿತು ಎಂದು. ಹೂಂ ಇಲ್ಲದಿದ್ದರೆ ಎದುರಿನವರು ಮುನಿಸಿಕೊಂಡಿದ್ದಾರೆ ಅಥವಾ ಅವರ ಲಕ್ಷ್ಯ ಬೇರೆಲ್ಲೋ ಇದೆ. ಇಷ್ಟು ಗೊತ್ತಿದ್ದೂ ನಾನು ಲೈನನ್ನು ಪರೀಕ್ಷಿಸಿದ್ದು ಗುಳಿಗೆಯ ಹೆಸರು ಓದಿಸಿ. ಓದುವವರ ಎದುರು ಯಾರೂ ಹೂಂಗುಟ್ಟುವುದಿಲ್ಲ.

ಸಿಸ್ಟರ್‌ಗೆ ಆಗಲೇ ಹೇಳಲಿಲ್ಲ. ಸರಿ ಮಾಡಿ ತೋರಿಸಿಯೇ ಹೇಳೋಣ ಎಂದುಕೊಂಡೆ. ಸರಿ ಮಾಡುವುದು ಅಂದುಕೊಂಡಷ್ಟು ಸುಲಭವಿರಲಿಲ್ಲ.

ಮೊದಲು ಮೌನ ಕಡಿತವನ್ನೇ ತೆಗೆದುಹಾಕಿದೆ, ಕೊಡೆಕ್ ಅದೇ. ಬೆಳಿಗ್ಗೆ ಚೆನ್ನಾಗಿತ್ತು. ಹಿರೇಕೆರೂರಿನ ದವಾಖಾನೆ ಬಾಗಿಲು ತೆರೆದು ಎಕ್ಸ್-ರೇ ಚಿತ್ರಗಳು ಹೊರಟವು. ಮಾತು ತುಂಡು ತುಂಡಾಯಿತು. ಅಲ್ಲಿಯ ಸಂದಿಗೆ ಆ ಭಾರ ಹೆಚ್ಚು. “ಮೇಡಂ, ಇದಕ್ಕಿಂತ ಮದಲಿಂದ ಛಲೋ ಇತ್ತಲ್ರಿ,” ಎಂದರು ಕಾಂಪೌಂಡರ್.

ಎರಡನೆಯ ಉಪಾಯ ನನಗೆ ಬಹಳ ಜಾಣತನದ್ದಾಗಿ ಕಂಡಿತ್ತು. ಮಾತನ್ನು ಕಳಿಸುವುದು ಸಣ್ಣ ಸಣ್ಣ ಪೊಟ್ಟಣಗಳಲ್ಲಿ. ಈ ಕೊಡೆಕ್ಕಿನಲ್ಲಿ ಪೊಟ್ಟಣದ ಒಳಗಿನ ಮಾಲಿಗಿಂತ ಮೇಲಿನ ವಿಳಾಸವೇ ಎರಡು ಪಟ್ಟು ದೊಡ್ಡದು. ಮೂರು ಪೊಟ್ಟಣದ ಮಾಲನ್ನು ಒಂದರಲ್ಲೇ ತುಂಬಿದರೆ ವಿಳಾಸದ ಖರ್ಚು ಮೂರರಲ್ಲೊಂದಕ್ಕೆ ಇಳಿಯುತ್ತದೆ. ತುಂಬಿದೆ. ಮಾತು ತುಂಡಾಗುವುದು ನಿಂತಿತು, ಜಾಗವೂ ಉಳಿಯಿತು. ಆದರೆ ದೊಡ್ಡ ಪೊಟ್ಟಣ ತುಂಬುವ ತನಕ ಕಾಯಬೇಕಲ್ಲ, ಟವರಿನ ದಾರಿಯ ವಿಳಂಬವೂ ಸೇರಿ ಹೂಂ ತಡವಾಗಿ ಹೋಗಿ ಮುಟ್ಟತೊಡಗಿತು. ರೋಗಿ ಒಂದು ವಾಕ್ಯ ಮುಗಿಸಿ ಕಾದು, ಇನ್ನೊಂದನ್ನು ಶುರುಮಾಡಿದಾಗ ಹಿಂದಿನ ವಾಕ್ಯದ ಹೂಂ ಬಂದು ಅದರ ಮೇಲೆ ಬೀಳುತ್ತಿತ್ತು. “ಆಂ? ಏನಂದ್ರಿ?” ಎಂದು ಅವರು ನಿಲ್ಲುವುದು, “ಏನಿಲ್ಲ ಹೇಳ್ರಿ,” ಎಂದು ಇವರು ಅನ್ನುವುದು, ಅದೂ ತಡವಾಗಿ ಹೋಗಿ ಮತ್ತೆ ಡಿಕ್ಕಿ. ಹೂಂ ಇಲ್ಲದಿರುವುದಕ್ಕಿಂತ ಹೊತ್ತಲ್ಲದ ಹೊತ್ತಿನ ಹೂಂ ಕೆಟ್ಟದ್ದು ಎಂದು ಆ ದಿನ ಕಲಿತೆ. ಎಲ್ಲವನ್ನೂ ಮೊದಲಿನಂತೆ ಮಾಡಿದೆ.

ನಡುವೆ ಆಡಳಿತಾಧಿಕಾರಿ ತಮ್ಮದೂ ಒಂದು ಪರಿಹಾರ ಹೇಳಿದರು. ಹಿರಿಯ ಸಿಸ್ಟರ್ ಕೂಡ ಕಿರಿಯರ ಹಾಗೆ ಗಟ್ಟಿಯಾಗಿ “ಹೌದ್ರಿ” ಎಂದರಾಯಿತು. ಸಿಸ್ಟರ್ ಒಂದು ಹೊತ್ತು ಪಾಪ ಹಾಗೇ ಮಾಡಿದರು. ಅವರ ಬಾಯಲ್ಲಿ ಅದು ಬೇಗ ಮುಗಿಸು ಎಂದಂತಿತ್ತು. ಮಂದಿ ಮಾತು ಮೊಟಕು ಮಾಡಿ ಇಟ್ಟರು.

“ನಂಗ ಇದು ಬರೂದಿಲ್ರಿ ಮೇಡಂ,” ಎಂದರು ಸಿಸ್ಟರ್. “ವಾರ್ಡಿಗೆ ಹಾಕ್ತಾರಂದ್ರ ಹಾಕ್ಲಿ. ಮಂದಿ ನೋವ ಹೇಳ್ಕೋಳುಮುಂದ ಒದರಾಕ ನನ್ನ ಕೈಲಿ ಆಗೂದಿಲ್ಲ.”

ಉಳಿದಿದ್ದು ಓಪಸ್. ಅದಕ್ಕೆ ಸವಣೂರು ಮತ್ತು ಹಿರೇಕೆರೂರಿನ ಪೆಟ್ಟಿಗೆಗಳ ಪಕ್ಕ ಒಂದೊಂದು ಪುಟ್ಟ ಕಂಪ್ಯೂಟರ್ ಕೂರಿಸಿ ಭಾಷಾಂತರದ ಕೆಲಸ ಅದಕ್ಕೆ ವಹಿಸಬೇಕು. ಅಂಥ ಎರಡು ನಮ್ಮ ಕಚೇರಿಯ ಕಪಾಟಿನಲ್ಲಿದ್ದವು, ತಂದು ಕೂರಿಸಿದೆ. ಮೌನ ಕಡಿತ ಇಲ್ಲ, ಪೊಟ್ಟಣ ಸಣ್ಣದು, ದಾರಿಯಲ್ಲಿ ಒಂದು ಪೊಟ್ಟಣ ಬಿದ್ದುಹೋದರೆ ಮುಂದಿನದರಲ್ಲಿ ಅದರ ಸಾರ ಇರುವಂಥ ಏರ್ಪಾಡು. ಹೂಂ ದಾಟಿತು, ಹೊತ್ತಿಗೆ ಸರಿಯಾಗಿ ದಾಟಿತು. ಆದರೆ ಲೆಕ್ಕ ಹಾಕಿದರೆ ಹಿರೇಕೆರೂರಿನಲ್ಲಿ ಎರಡೇ ಕರೆ ಹಿಡಿಸುತ್ತಿದ್ದವು. ಮೂರನೆಯದು ಬಂದ ಕೂಡಲೇ ಮೂವರ ಮಾತೂ ಹರಿದುಹೋಗುತ್ತಿತ್ತು. ನಾವು ಒಪ್ಪಿಕೊಂಡಿದ್ದು ನಾಲ್ಕು.

ಆ ನಾಲ್ಕರ ಬಗ್ಗೆ ನಾನು ಅಲ್ಲಿಯವರೆಗೆ ಯೋಚಿಸಿಯೇ ಇರಲಿಲ್ಲ. ಸಿಸ್ಟರ್‌ಗಳಿರುವುದು ಇಬ್ಬರು. ಮೂರನೆಯವರು, ನಾಲ್ಕನೆಯವರು ಏನು ಮಾಡುತ್ತಾರೆ? ಕಾಯುತ್ತಾರೆ. ಕಾಯುವವರಿಗೆ ಕೊಳಲಿನ ಸಂಗೀತ ಕೇಳಿಸುವ ಏರ್ಪಾಡಿತ್ತು. ಸಂಗೀತ ನಿಲ್ಲುವುದಿಲ್ಲ, ಆದ್ದರಿಂದ ಅದಕ್ಕೆ ಮೌನ ಕಡಿತವೂ ಇಲ್ಲ. ಅಳತೆ ಮಾಡಿ ನೋಡಿದೆ: ಹಿರೇಕೆರೂರಿನ ಆ ಕಿರಿದಾದ ಸಂದಿಯಲ್ಲಿ ದಿನದ ಬಿಸಿಯ ಹೊತ್ತಿನಲ್ಲಿ ಮನುಷ್ಯರ ಮಾತಿಗಿಂತ ಹೆಚ್ಚು ಕೊಳಲು ಹೋಗುತ್ತಿತ್ತು. ಸಿಸ್ಟರ್‌ರ ಹೂಂ ಅನ್ನು ಕತ್ತರಿಸಿ ಉಳಿಸಿದ ಜಾಗವನ್ನು ಕೊಳಲು ಊದಿ ಕಳೆಯುತ್ತಿದ್ದೆವು. ನನಗೆ ನಗು ಬಂತು, ಆಮೇಲೆ ಸಿಟ್ಟು ಬಂತು.

ಆಡಳಿತಾಧಿಕಾರಿಯ ಕೋಣೆಗೆ ಹೋಗಿ, ಸಿಸ್ಟರ್‌ರ ಮೇಜಿನ ಮೇಲೆ ನನ್ನ ಮೊಬೈಲಿಟ್ಟು ಮುದ್ರಿಸಿಕೊಂಡದ್ದನ್ನೂ ಅದೇ ಕರೆಯ ಸರ್ವರಿನ ಮುದ್ರಣವನ್ನೂ ಒಂದಾದ ಮೇಲೊಂದು ಕೇಳಿಸಿದೆ. ಒಂದರಲ್ಲಿ ಸಾಲು ಸಾಲು ಹೂಂ. ಇನ್ನೊಂದರಲ್ಲಿ ಒಂದೂ ಇಲ್ಲ. ಅವರು ಇನ್ನೊಮ್ಮೆ ಹಚ್ಚಿ ಎಂದರು. ಇನ್ನೊಮ್ಮೆ ಕೇಳಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಅಂದ್ರ ಆಕಿ ಖರೇನ ಹೇಳ್ಲಿಕತ್ತಿದ್ರು.”

“ಹೌದ್ರಿ.”

“ಈಗೇನು ಮಾಡಬೇಕಂತೀರಿ?”

“ನಾಲ್ಕು ಕರೆ ಬ್ಯಾಡ್ರಿ, ಎರಡ ಸಾಕು. ಕೊಳಲು ತಗೀಬೇಕು. ಮೂರನೇದವ್ರಿಗೆ ಬಿಜಿ ಬರ್ತೈತಿ. ಅವ್ರ ನಂಬರು ಸಿಸ್ಟರ್‌ಗೆ ಕಾಣಿಸ್ತೈತಿ, ಕೈ ಖಾಲಿ ಆದಕೂಡ್ಲೆ ಸಿಸ್ಟರ್ ತಾವ ಹೊಳ್ಳಿ ಫೋನ್ ಮಾಡ್ತಾರ. ನಮ್ಮ ಮಂದಿಗೆ ಮಿಸ್ ಕಾಲ್ ಕೊಟ್ಟು ಕಾಯೂದು ಹೊಸಾದೇನಲ್ಲ.”

“ಕೊಳಲು ಅಧ್ಯಕ್ಷರು ಹಾಕ್ಸಿದ್ದು,” ಎಂದರು. “ನಿಮ್ಮ ಕಂಪನಿಯವ್ರು ನಾಲ್ಕು ಅಂತ ಒಪ್ಪಿಕೊಂಡಾರ. ಎರಡು ಅಂದ್ರ ಕೆಲಸ ಅರ್ಧ ಮಾಡಿದ್ರಿ ಅಂತಾಗ್ತದ.”

“ನಾಲ್ಕು ಮಂದಿ ಮಾತಾಡಿ ಯಾರ್ದೂ ಮುಟ್ಟದಿದ್ರ ಅದು ಪೂರಾ ಕೆಲಸ ಆಗ್ತೈತೇನ್ರಿ?”

ಇಷ್ಟು ಖಡಕ್ಕಾಗಿ ಗಿರಾಕಿಯೊಬ್ಬರಿಗೆ ನಾನು ಹಿಂದೆಂದೂ ಮಾತಾಡಿರಲಿಲ್ಲ. ಅವರು ಬೇಸರಪಡಲಿಲ್ಲ. ತರ್ಕ ಸರಿಯಿತ್ತು. “ಹಾಕ್ರಿ,” ಎಂದರು. “ಆದ್ರ ಬರೇ ನಿಮ್ಮ ಮಾತಿನ ಮ್ಯಾಲೆ ವಾರ್ಡಿನ ಆರ್ಡರ್ ತಿರುಗಿಸೂದಿಲ್ಲ. ಹಿರೇಕೆರೂರಿನ ಒಂದು ಕರೆ ನಾನ ಕೂತು ಕೇಳ್ತೀನಿ.”

ಕಂಪನಿಗೆ ಫೋನ್ ಮಾಡಿ ಎರಡೇ ಎಂದು ಹೇಳಿದೆ. ಅಲ್ಲಿ ಬೈಸಿಕೊಂಡದ್ದು ಇಲ್ಲಿ ಬೇಡ.

ಸಿಸ್ಟರ್‌ಗೆ ವಿಷಯ ಹೇಳಿದಾಗ ಅವರು ಹಗುರಾಗುತ್ತಾರೆ ಎಂದುಕೊಂಡಿದ್ದೆ. ನಾನು ಎರಡೂ ಮುದ್ರಣ ಕೇಳಿಸಿದೆ. ಅವರು ಸೊಂಟದ ಪಟ್ಟಿ ಸರಿಮಾಡಿಕೊಂಡರು.

“ಹಂಗಾರ ಇಷ್ಟ ದಿನಾ ಅವರೆಲ್ಲಾ ಗ್ವಾಡಿ ಮುಂದ ಮಾತಾಡಿದಂಗಾತಲ್ರಿ,” ಎಂದರು.

“ನಿಮ್ಮ ತಪ್ಪಲ್ರಿ ಸಿಸ್ಟರ್.”

“ತಪ್ಪಿನ ಮಾತಲ್ಲ ಮೇಡಂ. ನಮ್ಮ ಮಂದಿ ಫೋನ್ ಹಚ್ಚಿದಕೂಡ್ಲೆ ಎಲ್ಲಾ ಹೇಳೂದಿಲ್ರಿ. ಮದಲ ಬಾಯಿ ಒಣಗತೈತಿ ಅಂತಾರ, ನಿದ್ದಿ ಇಲ್ಲ ಅಂತಾರ. ಹೇಳಬೇಕಾದ್ದು ಕಡೀಕ ಇರ್ತೈತಿ. ಇವ್ರು ಯಾರೂ ಕಡೀ ಮಟಾ ಹೋಗೇ ಇಲ್ಲ.”

ನನಗೆ ಅದು ಹೊಳೆದಿರಲಿಲ್ಲ. ನಾನು ಒಬ್ಬರ ಕುರ್ಚಿ ಉಳಿಸುವ ಲೆಕ್ಕದಲ್ಲಿದ್ದೆ.

ಹೊಸ ಕೊಡೆಕ್ ಹಾಕಿದ ಬೆಳಿಗ್ಗೆ ಆಡಳಿತಾಧಿಕಾರಿ ತಾವೇ ಕುರ್ಚಿ ಎಳೆದುಕೊಂಡು ಬಂದು ಕೂತರು. ನನ್ನ ಲ್ಯಾಪ್‌ಟಾಪಿನಿಂದ ಇಬ್ಬರಿಗೂ ಒಂದೊಂದು ಇಯರ್‌ಫೋನ್. ಹಿರೇಕೆರೂರಿನ ಕರೆಗೆ ಕಾಯುತ್ತೇವೆ ಎಂದುಕೊಂಡಿದ್ದೆವು. ಸಿಸ್ಟರ್ ಕಾಯಲಿಲ್ಲ. ಅಬಲೂರಿನ ಆ ಅಜ್ಜಿಗೆ ತಾವೇ ಫೋನ್ ಹಚ್ಚಿದರು.

“ಏನ್ರಿ ಅಕ್ಕಾರ, ದವಾಖಾನಿಗೆ ಬರ್ಬೇಕೇನ್ರಿ?” ಅಜ್ಜಿಯ ದನಿಯಲ್ಲಿ ಬಿಗುವಿತ್ತು.

“ಇಲ್ರಿ ಅವ್ವ. ಅವತ್ತ ನಿಮ್ಮ ಮಾತು ಅರ್ಧಕ್ಕ ನಿಂತಿತ್ತು. ಲೈನ್ ಸರಿ ಇದ್ದಿಲ್ಲ. ಈಗ ಹೇಳ್ರಿ.”

“ಏನಿಲ್ಲ ಬಿಡ್ರಿ. ಬಾಯಿ ಒಣಗತೈತಿ ಅಂತ ಹೇಳಿದ್ನಲ್ಲ.”

“ಹೂಂ.”

ಅದು ನನ್ನ ಇಯರ್‌ಫೋನಿನಲ್ಲಿ ಕೇಳಿತು. ಆಡಳಿತಾಧಿಕಾರಿ ತಲೆ ಎತ್ತಿ ನನ್ನನ್ನು ನೋಡಿದರು.

ಅಜ್ಜಿ ಒಂದೊಂದಾಗಿ ತೆಗೆದರು. ಗುಳಿಗೆ ಕಹಿ. ಹೂಂ. ಸೊಸೆ ಒಳ್ಳೆಯವಳೇ, ಆದರೆ ಬಾಯಿ ಜೋರು. ಹೂಂ. ಗೋವಿನಜೋಳ ಈ ಸಲ ಪರವಾಗಿಲ್ಲ. ಹೂಂ. ಕಳೆ ಕೀಳಲು ಹೊಲಕ್ಕೆ ಹೋಗುವುದನ್ನು ಮಾತ್ರ ಬಿಟ್ಟಿದ್ದೇನೆ. “ಹೂಂ?” ಎಂದರು ಸಿಸ್ಟರ್, ಕೊನೆಗೆ ಸ್ವಲ್ಪ ಏರಿಸಿ. ಅಜ್ಜಿ ಸುಮ್ಮನಾದರು. ಲೈನಿನಲ್ಲಿ ನಮ್ಮ ಫ್ಯಾನಿನ ಸದ್ದು ಹೋಗುತ್ತಿತ್ತು, ಅವರ ಅಂಗಳದ ಕೋಳಿಯ ಸದ್ದು ಬರುತ್ತಿತ್ತು.

“ಅಕ್ಕಾರ,” ಎಂದರು ಅಜ್ಜಿ, ದನಿ ಇಳಿಸಿ. “ಬಲಗಾಲ ಬೆರಳು ಕರ್ರಗಾಗೇತ್ರಿ. ನೋವೇನಿಲ್ಲ. ಅರಿವಿ ಸುತ್ತಿಕೊಂಡು ಅಡ್ಯಾಡತೇನಿ. ಮನ್ಯಾಗ ಯಾರಿಗೂ ಹೇಳಿಲ್ಲ. ನಾ ಅವತ್ತ ಫೋನ್ ಮಾಡಿದ್ದು ಅದಕ್ಕರಿ.”

ಆಡಳಿತಾಧಿಕಾರಿ ಕಿವಿಯಿಂದ ಇಯರ್‌ಫೋನ್ ತೆಗೆದು ಮೇಜಿನ ಮೇಲಿಟ್ಟು, ಅಜ್ಜಿಯನ್ನು ಕರೆತರುವಂತೆ ಹಿರೇಕೆರೂರಿನ ದವಾಖಾನೆಯ ಗಾಡಿಯವನಿಗೆ ಫೋನ್ ಮಾಡಲು ಹೊರಗೆ ಹೋದರು. ಸಿಸ್ಟರ್ ಬೈಯಲಿಲ್ಲ, ಗಾಬರಿ ತೋರಿಸಲಿಲ್ಲ, ಯಾಕೆ ಮುಚ್ಚಿಟ್ಟಿರಿ ಎಂದು ಕೇಳಲಿಲ್ಲ.

“ಹೂಂ,” ಎಂದರು.

ಅಜ್ಜಿ ಮುಂದೆ ಹೇಳತೊಡಗಿದರು.